ನಿರ್ಮಾಣ ಸೈಟಿನ ಶೌಚಾಲಯ: ಎಡವುವುದು ಟ್ಯಾಂಕಿನ ಲೆಕ್ಕದಲ್ಲಿ

ದೆಹಲಿ ಎನ್‌ಸಿಆರ್‌ನ ಕಟ್ಟಡ ಸೈಟುಗಳಲ್ಲಿ ಬಾಡಿಗೆಗೆ ತಂದಿಟ್ಟ ಪೋರ್ಟಬಲ್ ಶೌಚಾಲಯಗಳು ಎಷ್ಟೋ ಕಡೆ ವಾರ ತುಂಬುವ ಮೊದಲೇ ಯಾರೂ ಹತ್ತಿರ ಸುಳಿಯದ ಸ್ಥಿತಿಗೆ ಬರುತ್ತವೆ. ಕಾರ್ಮಿಕರಿಗೆ ಶುಚಿತ್ವದ ಅರಿವಿಲ್ಲ ಎಂಬ ದೂರು ಆಗ ಸಿದ್ಧವಾಗಿರುತ್ತದೆ. ತಪ್ಪು ಸಾಮಾನ್ಯವಾಗಿ ಇರುವುದು ಯೋಜನೆಯಲ್ಲಿ. ಕ್ಯಾಬಿನ್‌ಗಳನ್ನು ಎಣಿಸಿದವರು ಅವುಗಳ ಕೆಳಗಿನ ಟ್ಯಾಂಕಿಗೆ ಎಷ್ಟು ನೀರು ಬೀಳುತ್ತದೆಂದು ಎಣಿಸಿರುವುದಿಲ್ಲ.

1. ಯಾವ ನಿಯಮ ಅನ್ವಯ?

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸೈಟುಗಳಿಗೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅನ್ವಯವಾಗುತ್ತಿತ್ತು. ಅದರ 33ನೇ ಕಲಮಿನಂತೆ, ಕೆಲಸದ ಅವಧಿಯುದ್ದಕ್ಕೂ ಸುಲಭವಾಗಿ ತಲುಪಬಹುದಾದ ಶೌಚಾಲಯ ಒದಗಿಸುವುದು ಮಾಲೀಕನ ಹೊಣೆಯಾಗಿತ್ತು. ಈ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಬಂದಿದೆ. ಗಂಡಸರು, ಹೆಂಗಸರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚ ವ್ಯವಸ್ಥೆ ಇರಬೇಕೆಂದು ಸಂಹಿತೆ ಹೇಳುತ್ತದೆ. ಬದಲಾವಣೆಯ ಈ ಅವಧಿಯಲ್ಲಿ ಹಳೆಯ ನಿಯಮಾವಳಿಗಳನ್ನೂ ಪಕ್ಕದಲ್ಲಿಟ್ಟುಕೊಂಡು ನಡೆಯುವುದು ಕ್ಷೇಮ: ದೆಹಲಿಯದು 2002ರದು, ಗುರುಗ್ರಾಮ–ಫರಿದಾಬಾದ್‌ಗೆ ಹರಿಯಾಣದ 2005ರದು, ನೋಯ್ಡಾ–ಗಾಜಿಯಾಬಾದ್‌ಗೆ ಉತ್ತರ ಪ್ರದೇಶದ 2009ರದು. ಕರ್ನಾಟಕದ ನಿಯಮಾವಳಿ 2006ರದು. 20,000 ಚದರ ಮೀಟರಿಗಿಂತ ದೊಡ್ಡ ಯೋಜನೆಗಳಿಗೆ ಕೊಡುವ ಪರಿಸರ ಅನುಮತಿಯ ಷರತ್ತುಗಳಲ್ಲೂ ಮೊಬೈಲ್ ಶೌಚಾಲಯದ ಮಾತು ಬರುತ್ತದೆ. ಆ ಪತ್ರವನ್ನು ಕಡತಕ್ಕೆ ಸೇರಿಸುವ ಮುನ್ನ ಸೈಟ್ ಎಂಜಿನಿಯರ್ ಒಮ್ಮೆ ಓದಬೇಕು.

2. ತಲೆ ಎಣಿಕೆ

ಗುತ್ತಿಗೆ ಕಾರ್ಮಿಕರ 1971ರ ಕೇಂದ್ರ ನಿಯಮಗಳು ಕೊಟ್ಟ ಅನುಪಾತವೇ ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆಗಳಲ್ಲೂ ಬಳಕೆಯಲ್ಲಿದೆ. 25 ಹೆಂಗಸರಿಗೆ ಒಂದು; ಗಂಡಸರಲ್ಲಿ ಮೊದಲ 100 ಮಂದಿಗೆ 25ಕ್ಕೊಂದು, ಅನಂತರ 50ಕ್ಕೊಂದು. ಅಂದರೆ 180 ಗಂಡಸರೂ 40 ಹೆಂಗಸರೂ ಇರುವ ಸೈಟಿಗೆ 6 ಮತ್ತು 2, ಒಟ್ಟು 8 ಶೌಚಾಲಯ ಬೇಕು. ಮುಖ್ಯ ಗುತ್ತಿಗೆದಾರನ ಹಾಜರಿ ಪುಸ್ತಕ ನೋಡಿ ಈ ಲೆಕ್ಕ ಹಾಕಬಾರದು. ಬಾರ್‌ಬೆಂಡಿಂಗ್, ಸೆಂಟ್ರಿಂಗ್, ಟೈಲ್ಸ್ ಕೆಲಸದ ತುಂಡು ಗುತ್ತಿಗೆಯವರು ಕರೆತಂದ ಆಳುಗಳು ಅದರಲ್ಲಿ ಇರುವುದೇ ಅಪರೂಪ. ಸ್ಲ್ಯಾಬ್ ಹಾಕುವ ದಿನ ಗೇಟಿನೊಳಗೆ ಬಂದವರ ಸಂಖ್ಯೆಯೇ ಸರಿಯಾದ ಸಂಖ್ಯೆ. ಶಿಬಿರದಲ್ಲಿ ವಾಸಿಸುವ ಕುಟುಂಬಗಳ ಶೌಚಾಲಯ, ಸ್ನಾನದ ಜಾಗಗಳ ಲೆಕ್ಕ ಬೇರೆಯೇ.

3. ಟ್ಯಾಂಕಿನ ಲೆಕ್ಕ

ಪೋರ್ಟಬಲ್ ಶೌಚಾಲಯದ ಮೂಲ ವಿನ್ಯಾಸ ಕಾಗದ ಬಳಸುವ ದೇಶಗಳದ್ದು. ಅಲ್ಲಿ ಟ್ಯಾಂಕಿಗೆ ನೀರು ಬೀಳುವುದು ಬಹಳ ಕಡಿಮೆ. ವಾರಕ್ಕೊಮ್ಮೆ ಖಾಲಿ ಮಾಡುವ ಪದ್ಧತಿ ಹುಟ್ಟಿದ್ದೂ ಅಲ್ಲಿಯೇ. ಭಾರತದಲ್ಲಿ ಕ್ಯಾಬಿನ್ ಜತೆಗೆ ವಾರದ ಪದ್ಧತಿಯನ್ನೂ ಎರವಲು ತಂದದ್ದೇ ತೊಂದರೆಯ ಮೂಲ.

ಇಲ್ಲಿ ಒಬ್ಬರು ಒಮ್ಮೆ ಹೋದರೆ ತೊಳೆದುಕೊಳ್ಳಲು ಸುಮಾರು ಒಂದು ಲೀಟರ್, ಬಕೆಟಿನಿಂದ ಸುರಿಯಲು ಎರಡು–ಮೂರು ಲೀಟರ್ ನೀರು ಬೇಕು. ನಾಲ್ಕು ಲೀಟರ್ ಎಂದೇ ಹಿಡಿದರೂ 25 ಮಂದಿ ದಿನಕ್ಕೊಮ್ಮೆ ಬಳಸಿದರೆ 100 ಲೀಟರ್. ಸಾಧಾರಣ ಕ್ಯಾಬಿನ್ನಿನ ಟ್ಯಾಂಕ್ 200ರಿಂದ 250 ಲೀಟರಿನದು. ಮುಕ್ಕಾಲು ಭಾಗ ತುಂಬುವಷ್ಟರಲ್ಲಿ ಖಾಲಿ ಮಾಡಬೇಕು. ಅಂದರೆ ಎರಡನೆಯ ದಿನವೇ ಟ್ಯಾಂಕರ್ ಬರಬೇಕು. 50 ಮಂದಿಗೆ ಒಂದು ಎಂಬ ಲೆಕ್ಕದಲ್ಲಿ ಇಟ್ಟಿದ್ದರೆ ದಿನವೂ ಬರಬೇಕು. ನಿಯಮದ ಪ್ರಕಾರ ಸಂಖ್ಯೆ ಸರಿಯಿದ್ದೂ ಶೌಚಾಲಯ ತುಂಬಿ ಹರಿಯುವುದು ಹೀಗೆ.

ಟ್ಯಾಂಕ್ ತುಂಬತೊಡಗಿದಾಗ ನೀರಿನ ನಲ್ಲಿಯನ್ನು ಬಂದ್ ಮಾಡುವುದು ಸೈಟುಗಳ ಮಾಮೂಲು ಉಪಾಯ. ಇದಕ್ಕಿಂತ ಕೆಟ್ಟ ಉಪಾಯ ಬೇರೊಂದಿಲ್ಲ. ನೀರಿಲ್ಲದ ಶೌಚಾಲಯವನ್ನು ಯಾರೂ ಬಳಸುವುದಿಲ್ಲ. ಗಂಡಸರು ಅರ್ಧ ಕಟ್ಟಿದ ಮಹಡಿಗೋ ಬೇಲಿಯ ಆಚೆಗೋ ಹೋಗುತ್ತಾರೆ, ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. 45 ಡಿಗ್ರಿ ಬಿಸಿಲು ಸುಡುವ ಮೇ–ಜೂನ್‌ನಲ್ಲಿ ಅದರ ಫಲ ಮೂತ್ರದ ಸೋಂಕು, ತಲೆಸುತ್ತು, ಬಿಸಿಲಾಘಾತ. ಶೌಚಾಲಯದಲ್ಲೋ ಅದರ ಪಕ್ಕದಲ್ಲೋ ನೀರು ಸಿಗಬೇಕೆಂಬುದು 1996ರ ಕಾಯ್ದೆಯಡಿ ಬಂದ 1998ರ ಕೇಂದ್ರ ನಿಯಮಗಳಲ್ಲೇ ಇದೆ.

ಆದ್ದರಿಂದ ಬಾಡಿಗೆ ಕರಾರಿನಲ್ಲಿ ‘ವಾರಕ್ಕೊಮ್ಮೆ’ ಎಂಬ ಪದವನ್ನು ತೆಗೆಸಬೇಕು. ಲೆಕ್ಕದಿಂದ ಬಂದ ದಿನಗಳ ಅಂತರವನ್ನೇ ಬರೆಸಬೇಕು, ಟ್ಯಾಂಕರ್ ತಪ್ಪಿದರೆ ಎಷ್ಟು ಕಡಿತ ಎಂಬುದನ್ನೂ ಸೇರಿಸಬೇಕು. ಆರು ತಿಂಗಳು ಮೀರುವ ಕೆಲಸವಾದರೆ ಕ್ಯಾಬಿನ್‌ಗಳ ಕೆಳಗೆ ಸೋರದ ದೊಡ್ಡ ಟ್ಯಾಂಕ್ ಕಟ್ಟಿ ಜೋಡಿಸುವುದು, ಅಥವಾ ಅನುಮತಿ ಪಡೆದು ಒಳಚರಂಡಿಗೆ ಸೇರಿಸುವುದು ಕೊನೆಗೆ ಅಗ್ಗ.

4. ಜಾಗ

ಕುಡಿಯುವ ನೀರಿನ ನಲ್ಲಿಗೂ ಶೌಚಾಲಯ ಅಥವಾ ತೊಳೆಯುವ ಜಾಗಕ್ಕೂ ನಡುವೆ ಕನಿಷ್ಠ 6 ಮೀಟರ್ ಅಂತರ ಬೇಕೆಂದು 1996ರ ಕಾಯ್ದೆ ವಿಧಿಸಿತ್ತು. ಕೈತೊಳೆಯುವ ತೊಟ್ಟಿಯನ್ನು ವಾಟರ್ ಕೂಲರ್‌ಗೆ ಅಂಟಿಸಿ ಕಟ್ಟುವವರು ಇದನ್ನು ಮರೆಯುತ್ತಾರೆ. ಕ್ಯಾಬಿನ್ ನಿಲ್ಲುವ ನೆಲ ಗಟ್ಟಿಯಾಗಿ ಮಟ್ಟಸವಾಗಿರಬೇಕು, ಟ್ಯಾಂಕರ್ ಹತ್ತಿರ ಬರುವಂತಿರಬೇಕು, ಕ್ರೇನಿನ ಹೊರೆ ಮೇಲಿಂದ ಹಾಯಬಾರದು. ಗುರುಗ್ರಾಮ, ನೋಯ್ಡಾಗಳ ಮೂವತ್ತು ಮಹಡಿಯ ಗೋಪುರಗಳಲ್ಲಿ ಎಲ್ಲ ಶೌಚಾಲಯಗಳನ್ನೂ ಗೇಟಿನ ಬಳಿ ಇಟ್ಟರೆ ‘ಸುಲಭವಾಗಿ ತಲುಪುವ’ ಎಂಬ ಮಾತಿಗೆ ಅರ್ಥವಿಲ್ಲ. ಲಿಫ್ಟಿಗೆ ಕಾದು ಇಳಿದು ಹತ್ತುವಷ್ಟು ಹೊತ್ತನ್ನು ಯಾವ ಮೇಸ್ತ್ರಿಯೂ ಕೊಡುವುದಿಲ್ಲ. ಐದಾರು ಮಹಡಿಗೊಂದು ಕ್ಯಾಬಿನ್ ಇಟ್ಟು, ಕೆಲಸ ಮೇಲೇರಿದಂತೆ ಅದನ್ನೂ ಏರಿಸಬೇಕು.

5. ಹೆಂಗಸರು, ಮಕ್ಕಳು

ಮರೆ, ಬಾಗಿಲು, ಒಳಚಿಲಕ, ಬೆಳಕು ಇವು ಕಡ್ಡಾಯ. ಗಂಡಸರದ್ದು–ಹೆಂಗಸರದ್ದು ಎಂಬ ಫಲಕ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಚಿತ್ರವೂ ಇರಬೇಕು. ದೆಹಲಿಯ ಸೈಟುಗಳಿಗೆ ಬಿಹಾರ, ಬಂಗಾಳ, ಬುಂದೇಲ್‌ಖಂಡಗಳಿಂದ ಜನ ಬರುವುದರಿಂದ ಇಂಗ್ಲಿಷ್ ಫಲಕ ನಿಷ್ಪ್ರಯೋಜಕ. ಬೀಗ ಹಾಕಿ ಕೀಲಿಯನ್ನು ಸೂಪರ್‌ವೈಸರ್ ಬಳಿ ಇಡುವುದು ನಿಯಮಭಂಗ. ಕೀಲಿ ಕೇಳುವ ಮುಜುಗರಕ್ಕೆ ಹೆದರಿಯೇ ಹೆಂಗಸರು ದೂರ ಉಳಿಯುತ್ತಾರೆ. ಮುಚ್ಚಳವಿರುವ ಕಸದ ಡಬ್ಬಿ ಒಳಗಿರಲಿ. ಸೈಟಿನಲ್ಲಿ ಬೆಳೆಯುವ ಮಕ್ಕಳ ವಿಚಾರ ದೆಹಲಿಗೆ ಹೊಸದಲ್ಲ, ಮೊಬೈಲ್ ಕ್ರೆಷಸ್ ಸಂಸ್ಥೆ 1969ರಲ್ಲಿ ಹುಟ್ಟಿದ್ದೇ ಇಲ್ಲಿನ ಒಂದು ನಿರ್ಮಾಣ ಸೈಟಿನಲ್ಲಿ. ಆದರೂ ಮಕ್ಕಳಿಗೆ ಹೊಂದುವ ತಗ್ಗಿನ ಪೀಠ ಇಡುವ ಸೈಟುಗಳು ಇಂದಿಗೂ ವಿರಳ.

6. ಕೈತೊಳೆಯುವ ವ್ಯವಸ್ಥೆ

ಪ್ರತಿ ಶೌಚಾಲಯ ಸಾಲಿನ ಹೊರಗೂ ಊಟದ ಜಾಗದಲ್ಲೂ ನಲ್ಲಿಗಳು ಬೇಕು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಬರುವುದರಿಂದ ಊಟದ ಜಾಗದಲ್ಲಿ ಹೆಚ್ಚು ನಲ್ಲಿಗಳಿರಲಿ. ಪೈಪ್ ಇಲ್ಲದಿದ್ದರೆ ನಲ್ಲಿ ಕೂಡಿಸಿದ 200 ಲೀಟರಿನ ಡ್ರಮ್ ಸಾಕು. ತಲಾ ಎರಡು ಲೀಟರಿನಂತೆ ನೂರು ಮಂದಿಗೆ ಬರುತ್ತದೆ. ಕೊಳೆ ನೀರು ನಿಂತು ಸೊಳ್ಳೆಯಾಗದಂತೆ ಇಂಗುಗುಂಡಿ ಬೇಕು. ಸೋಪಿನ ಬಿಲ್ಲೆ ಉಳಿಯುವುದಿಲ್ಲ ಎನ್ನುವವರು ಸೋಪಿನ ನೀರಿನ ಬಾಟಲಿಯನ್ನು ಕಂಬಕ್ಕೆ ಕಟ್ಟಿದರೆ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸೋಪು–ನೀರಿನ ತೊಳೆತಕ್ಕೆ 40ರಿಂದ 60 ಸೆಕೆಂಡ್ ಬೇಕು. ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ. ಅದು ಸಿಮೆಂಟನ್ನು ತೊಳೆಯುವುದಿಲ್ಲ, ಮೆತ್ತಿದ ಗಾರೆಯ ಮೇಲೆ ಕೆಲಸವನ್ನೂ ಮಾಡುವುದಿಲ್ಲ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಅದರಲ್ಲಿರುವ ಕ್ರೋಮಿಯಂ ಇಸುಬು ತರುತ್ತದೆ.

7. ಟ್ಯಾಂಕರ್ ಹೋಗುವುದು ಎಲ್ಲಿಗೆ?

ಮಲತ್ಯಾಜ್ಯದ ಸಾಗಣೆ, ವಿಲೇವಾರಿಗೆ ದೆಹಲಿಯಲ್ಲಿ 2018ರ ನಿಯಮಗಳಿವೆ. ದೆಹಲಿ ಜಲ ಮಂಡಳಿಯ ಪರವಾನಗಿ ಇರುವ ವಾಹನವನ್ನೇ ಕರೆಸಿ, ಸುರಿದ ಜಾಗದ ರಸೀದಿ ಪಡೆಯಬೇಕು. ರಸೀದಿ ಇಲ್ಲದ ಅಗ್ಗದ ಟ್ಯಾಂಕರ್ ಹತ್ತಿರದ ಮೋರಿಗೆ ಸುರಿದು ಹೋದರೆ ಅದು ಕೊನೆಗೆ ಯಮುನೆಗೇ ಸೇರುತ್ತದೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ.

8. ಚಳಿಗಾಲ ಮತ್ತು ತಪಾಸಣೆ

ವಾಯುಮಾಲಿನ್ಯ ತೀವ್ರವಾಗಿ, ಅದನ್ನು ತಡೆಯುವ ಹಂತಹಂತದ ಕ್ರಿಯಾ ಯೋಜನೆಯಾದ ಗ್ರಾಪ್‌ನ 3, 4ನೇ ಹಂತ ಜಾರಿಯಾದಾಗ ಕಟ್ಟಡ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಶಿಬಿರದಲ್ಲಿ ಜನ ಇರುವವರೆಗೆ ಟ್ಯಾಂಕರ್ ಸೇವೆಯನ್ನು ನಿಲ್ಲಿಸಬಾರದು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸೈಟುಗಳನ್ನು ನೋಡಿದ, ದೆಹಲಿ ಹೈಕೋರ್ಟ್ ನೇಮಿಸಿದ್ದ ಅರುಂಧತಿ ಘೋಷ್ ಸಮಿತಿ ಶಿಬಿರಗಳ ಶೌಚಾಲಯಗಳ ದುಃಸ್ಥಿತಿಯನ್ನು ದಾಖಲಿಸಿತ್ತು. ಹಾಗಾಗದಂತೆ ಬೆಳಿಗ್ಗೆ ಮತ್ತು ಊಟದ ನಂತರ ಹೆಸರು ಗೊತ್ತುಮಾಡಿದ ಒಬ್ಬರು ನೀರು, ಸೋಪು, ಚಿಲಕ, ದೀಪ, ಟ್ಯಾಂಕಿನ ಮಟ್ಟ ಈ ಐದನ್ನು ನೋಡಿ ಸಹಿ ಹಾಕಬೇಕು. ನಾಲ್ಕು ತಿಂಗಳಿಗೊಮ್ಮೆ ಗೋಡೆಗೆ ಸುಣ್ಣ–ಬಣ್ಣ. ಸಹಿಯ ಪುಸ್ತಕವೂ ಟ್ಯಾಂಕರ್ ರಸೀದಿಗಳೂ ಒಂದೇ ಕಡತದಲ್ಲಿರಲಿ.