ಪ್ಲೇಟ್ ಗಟ್ಟಿಯೋ, ರಾಡ್ ಗಟ್ಟಿಯೋ?

ಪ್ರಶ್ನೆ: ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡಾಗ ಕೆಲವರಿಗೆ ಪ್ಲೇಟ್-ಸ್ಕ್ರೂ ಹಾಕುತ್ತಾರೆ, ಕೆಲವರಿಗೆ ಮೂಳೆಯೊಳಗೆ ರಾಡ್ ಹಾಕುತ್ತಾರೆ. ಇವೆರಡರಲ್ಲಿ ಯಾವುದು ಗಟ್ಟಿ? ಅದನ್ನು ಅಳೆಯುವುದು ಹೇಗೆ?

ಉತ್ತರ: ಮನೆಯಲ್ಲಿ ಹಿರಿಯರಿದ್ದವರಿಗೆಲ್ಲ ಬರಬಹುದಾದ ಸಂದೇಹವಿದು.

ಸೊಂಟ ಮುರಿಯಿತು ಎಂದಾಗ ಸಾಮಾನ್ಯವಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ನೀವು ಹೇಳಿದ ಎರಡು ಸಾಧನಗಳಲ್ಲೂ ಒಂದು ದಪ್ಪ ಸ್ಕ್ರೂ ಆ ಮೂಳೆಯ ಗುಂಡುತಲೆಯೊಳಗೆ ಹೋಗುತ್ತದೆ. ಆ ಸ್ಕ್ರೂವನ್ನು ಹಿಡಿಯುವ ಪ್ಲೇಟ್ ಮೂಳೆಯ ಹೊರಮೈಗೆ ಅಂಟಿಕೊಂಡಿರುತ್ತದೆ. ರಾಡ್ ಆದರೆ ಮೂಳೆಯ ಪೊಳ್ಳಿನೊಳಗೆ ಇರುತ್ತದೆ. ದೇಹದ ಭಾರ ಇಳಿಯುವುದು ಒಳಬದಿಯ ಗುಂಡುತಲೆಯ ಮೇಲೆ. ರಾಡ್ ಅದಕ್ಕೆ ಹತ್ತಿರ, ಪ್ಲೇಟ್ ದೂರ. ಹಾಗಾಗಿ ಅಷ್ಟೇ ಭಾರಕ್ಕೆ ರಾಡಿನ ಮೇಲೆ ಬೀಳುವ ಬಗ್ಗಿಸುವ ಒತ್ತಡ ಕಡಿಮೆ.

ಅಳೆಯಲು ದಾನವಾಗಿ ಬಂದ ಮೂಳೆಗಳನ್ನೋ ಕೃತಕ ಮೂಳೆಗಳನ್ನೋ ಒಂದೇ ರೀತಿ ಕತ್ತರಿಸಿ, ಸಾಧನ ಕೂರಿಸಿ, ಯಂತ್ರದಲ್ಲಿ ಒತ್ತುತ್ತಾರೆ. ಮುರಿಯುವವರೆಗೆ ಒಮ್ಮೆಗೇ ಒತ್ತುವುದು ಒಂದು ಬಗೆ. ಸಣ್ಣ ಭಾರವನ್ನು ಸಾವಿರಾರು ಸಲ ಹೇರುವುದು ಇನ್ನೊಂದು. ನನ್ನ ಎಣಿಕೆಯಲ್ಲಿ ಇದೇ ಹೆಚ್ಚು ಮುಖ್ಯ. ಸಮತಟ್ಟು ನೆಲದಲ್ಲಿ ನಡೆಯುವಾಗಲೂ ಸೊಂಟದ ಕೀಲಿನ ಮೇಲೆ ದೇಹತೂಕದ ಸುಮಾರು 2.5 ಪಟ್ಟು ಭಾರ ಬೀಳುತ್ತದೆ. 60 ಕಿಲೋ ತೂಕದವರಿಗೆ ಹೆಜ್ಜೆಗೆ 150 ಕಿಲೋ! ಮತ್ತೆ ಮತ್ತೆ ಬಗ್ಗಿಸಿದ ತಂತಿಯಂತೆ ಲೋಹವೂ ದಣಿಯುತ್ತದೆ. ಅದು ದಣಿಯುವ ಮೊದಲು ಮೂಳೆ ಕೂಡಿಕೊಳ್ಳಬೇಕು.

ಇಲ್ಲೊಂದು ಗೊಂದಲ ಸಹಜ. ಬಗ್ಗದಿರುವುದೂ ಮುರಿಯದಿರುವುದೂ ಒಂದೇ ಅಲ್ಲ. ಇಂಥ ಸಾಧನಗಳಿಗೆ ಬಳಸುವ ಟೈಟಾನಿಯಂ ಮಿಶ್ರಲೋಹದ ಬಿಗಿತ ಸ್ಟೀಲಿನ ಸುಮಾರು ಅರ್ಧದಷ್ಟೇ. ಹಾಗೆಂದು ಅದು ದುರ್ಬಲವಲ್ಲ. ಭಾರಕ್ಕೆ ತುಸು ಹೆಚ್ಚು ಮಣಿಯುತ್ತದೆ, ಅಷ್ಟೆ.

ಇನ್ನೂ ಒಂದು ಮಾತು. ಸಾಧನ ಸೋತಾಗ ಹೆಚ್ಚಾಗಿ ಸೋಲುವುದು ಲೋಹವಲ್ಲ, ಮೂಳೆ. ಸವೆದ ಮೂಳೆಯನ್ನು ಕೊರೆದುಕೊಂಡು ಸ್ಕ್ರೂ ಹೊರಬರುತ್ತದೆ. ಮೂಳೆತಜ್ಞ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು 1995ರಲ್ಲಿ ಒಂದು ಅಳತೆಯನ್ನು ಮುಂದಿಟ್ಟರು: ಮುಂದಿನಿಂದ ಮತ್ತು ಪಕ್ಕದಿಂದ ತೆಗೆದ ಎಕ್ಸ್-ರೇಗಳಲ್ಲಿ ಸ್ಕ್ರೂವಿನ ತುದಿಗೂ ಗುಂಡುತಲೆಯ ನೆತ್ತಿಗೂ ಇರುವ ದೂರಗಳನ್ನು ಕೂಡಿದರೆ ಮೊತ್ತ 25 ಮಿಲಿಮೀಟರ್ ಒಳಗಿರಬೇಕು. ಸ್ಕ್ರೂ ಎಲ್ಲಿ ಕೂತಿದೆ ಎಂಬುದಕ್ಕೆ ಅಷ್ಟು ಬೆಲೆ.

ಮುರಿದ ತುಂಡುಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತಿದ್ದರೆ ಪ್ಲೇಟ್ ಸಾಕಾಗುತ್ತದೆ. ಮೂಳೆಯ ಹೊರಗೋಡೆಯೂ ಒಡೆದಿದ್ದರೆ ಅಥವಾ ಸೀಳು ಹಿಮ್ಮುಖವಾಗಿ ಓರೆಯಾಗಿದ್ದರೆ ರಾಡ್ ಒಳ್ಳೆಯದು. ನಿಮ್ಮವರ ಮುರಿತ ಇವುಗಳಲ್ಲಿ ಯಾವುದು ಎಂದು ವೈದ್ಯರನ್ನು ಎಕ್ಸ್-ರೇ ಮುಂದಿಟ್ಟುಕೊಂಡೇ ಕೇಳಿ.