ಗಾಡಿ ಏಕೆ ನಿಂತಿತು?

ಬೆಳಗಿನ ಜಾವ ಐದು ಗಂಟೆ. ಇನ್ನೂ ಕತ್ತಲು. ಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಹಳೆಯ ಮೊಪೆಡ್ ನಿಂತಿದೆ. ಅದರ ಮೇಲೆ ಎರಡು ಸೊಪ್ಪಿನ ಮೂಟೆ. ಪಕ್ಕದಲ್ಲಿ ಒಬ್ಬ ಹೆಂಗಸು.

ಆಕೆಯನ್ನು ಊರಿನವರೆಲ್ಲ ಸೊಪ್ಪಿನಕ್ಕ ಎಂದು ಕರೆಯುತ್ತಾರೆ. ದಂಟು, ಮೆಂತ್ಯ, ಕೊತ್ತಂಬರಿ ಬೆಳೆಯುತ್ತಾಳೆ. ತಾನೇ ಪೇಟೆಗೆ ಒಯ್ದು ಮಾರುತ್ತಾಳೆ. ಬಿಸಿಲು ಏರಿದರೆ ಸೊಪ್ಪು ಬಾಡುತ್ತದೆ. ಬಾಡಿದ ಸೊಪ್ಪನ್ನು ಕೇಳುವವರಿಲ್ಲ. ಹೊತ್ತು ಹುಟ್ಟುವ ಮೊದಲೇ ಆಕೆ ಪೇಟೆ ಸೇರಬೇಕು.

ಮನೆಯಿಂದ ಹೊರಟಾಗ ಗಾಡಿ ಚೆನ್ನಾಗಿಯೇ ಓಡಿತು. ಮೂರು ಕಿಲೋಮೀಟರ್ ಬಂತು. ಆಮೇಲೆ ಮುಕ್ಕರಿಸಿತು. ನಿಂತೇಹೋಯಿತು. ಕಿಕ್ ಹೊಡೆದಳು. ಹೊರಡಲಿಲ್ಲ.

ಹೋದ ತಿಂಗಳೂ ಹೀಗೇ ಆಗಿತ್ತು. ಅಂದು ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದಳು. ಅಷ್ಟರಲ್ಲಿ ಬಿಸಿಲು ಏರಿತು. ಸೊಪ್ಪೆಲ್ಲ ದನದ ಪಾಲಾಯಿತು. ರಿಪೇರಿಗೂ ದುಡ್ಡು ಹೋಯಿತು. “ಕಾರ್ಬುರೇಟರಿನಲ್ಲಿ ನೀರು ಸೇರಿತ್ತು” ಎಂದರು. ಕಾರ್ಬುರೇಟರ್ ಎಂದರೇನು? ಆಕೆಗೆ ಗೊತ್ತಿರಲಿಲ್ಲ.

ಊರಲ್ಲಿ ವಯಸ್ಸಾದ ಒಬ್ಬ ಮೇಸ್ತ್ರಿ ಇದ್ದರು. ಸೊಪ್ಪಿನಕ್ಕ ಅವರ ಬಳಿ ಹೋದಳು. ಕಲಿಕಾ ಕೇಂದ್ರದ ನೋಟ್ ಪುಸ್ತಕವನ್ನೂ ಒಯ್ದಳು.

“ಮೇಸ್ತ್ರಣ್ಣಾ, ಈ ಕಾರ್ಬುರೇಟರ್ ಅಂದ್ರೆ ಏನಣ್ಣಾ?”

“ನಿಮ್ಮನೇಲಿ ಪಂಪ್ ಸ್ಟೌ ಇತ್ತಾ ತಾಯಿ?”

“ಇತ್ತು. ಸೀಮೆಎಣ್ಣೇದು.”

“ಅದು ಚೆನ್ನಾಗಿ ಉರೀಬೇಕು ಅಂದ್ರೆ ಏನೇನು ಬೇಕು?”

“ಎಣ್ಣೆ ಬೇಕು. ಗಾಳಿನೂ ಬೇಕು.”

“ಗಾಡಿಗೂ ಅಷ್ಟೇ ತಾಯಿ. ಪೆಟ್ರೋಲು ಬೇಕು, ಗಾಳಿ ಬೇಕು. ಎರಡೂ ಹದವಾಗಿ ಬೆರೀಬೇಕು. ಬೆರೆಸೋದೇ ಕಾರ್ಬುರೇಟರ್ ಕೆಲಸ. ಬೆರೆತದ್ದು ಎಂಜಿನ್ನಿಗೆ ಹೋಗ್ತದೆ. ಅಲ್ಲಿ ಪ್ಲಗ್ಗು ಕಿಡಿ ಹಾರಿಸ್ತದೆ. ಗಾಡಿ ಓಡ್ತದೆ.”

ಮೇಸ್ತ್ರಿ ಗಾಡಿಯನ್ನು ತೋರಿಸಿ ವಿವರಿಸಿದರು.

ಪೆಟ್ರೋಲ್ ಟ್ಯಾಂಕಿನಲ್ಲಿರುತ್ತದೆ. ಟ್ಯಾಂಕಿನ ಕೆಳಗೆ ಕಾಕ್ ಇದೆ. ಅದು ನಲ್ಲಿಯ ಹಾಗೆ. ಕಾಕಿನಿಂದ ಸಣ್ಣ ಪೈಪಿನಲ್ಲಿ ಪೆಟ್ರೋಲ್ ಕಾರ್ಬುರೇಟರಿಗೆ ಇಳಿಯುತ್ತದೆ. ಕಾರ್ಬುರೇಟರಿನ ಕೆಳಗೆ ಒಂದು ಪುಟ್ಟ ಬಟ್ಟಲು ಇದೆ. ಬಟ್ಟಲಲ್ಲಿ ಒಂದು ತೇಲುವ ಗುಂಡು ಇದೆ. ಪೆಟ್ರೋಲ್ ತುಂಬಿದರೆ ಗುಂಡು ಮೇಲೇಳುತ್ತದೆ. ಒಂದು ಮುಳ್ಳು ದಾರಿಯನ್ನು ಮುಚ್ಚುತ್ತದೆ. ಪೆಟ್ರೋಲ್ ಕಡಿಮೆಯಾದರೆ ಗುಂಡು ಇಳಿಯುತ್ತದೆ. ದಾರಿ ತೆರೆಯುತ್ತದೆ. ನೀರಿನ ತೊಟ್ಟಿಯಲ್ಲೂ ಇಂಥ ಗುಂಡನ್ನು ನೀವು ನೋಡಿರಬಹುದು.

ಬಟ್ಟಲಿನಿಂದ ಪೆಟ್ರೋಲ್ ಒಂದು ಸಣ್ಣ ತೂತಿನ ಮೂಲಕ ಮೇಲೇರುತ್ತದೆ. ಆ ತೂತಿನ ತುಂಡಿಗೆ ಜೆಟ್ ಎನ್ನುತ್ತಾರೆ. ಗಾಳಿ ಬೇರೆ ದಾರಿಯಿಂದ ಬರುತ್ತದೆ. ಏರ್ ಫಿಲ್ಟರ್ ಗಾಳಿಯ ದೂಳನ್ನು ಸೋಸುತ್ತದೆ.

“ಗಾಡಿ ನಿಂತರೆ ಎಲ್ಲರೂ ಕಾರ್ಬುರೇಟರ್ ಬಿಚ್ಚೋಕೆ ಹೋಗ್ತಾರೆ. ಹಾಗೆ ಮಾಡಬೇಡ ತಾಯಿ. ಹೊಲದಲ್ಲಿ ಮಡಿಗೆ ನೀರು ಬರದಿದ್ರೆ ಏನು ಮಾಡ್ತೀಯ?”

“ಕಾಲುವೆ ಹಿಡ್ಕೊಂಡು ನೋಡ್ತಾ ಹೋಗ್ತೀನಿ. ಎಲ್ಲಿ ಕಟ್ಟಿದೆ ಅಂತ ಹುಡುಕ್ತೀನಿ.”

“ಹಾಗೇ ಪೆಟ್ರೋಲಿನ ದಾರಿ ಹಿಡ್ಕೊಂಡು ಹೋಗು. ಟ್ಯಾಂಕಿನಿಂದ ಶುರು ಮಾಡು. ಬರ್ಕೋ.”

ಸೊಪ್ಪಿನಕ್ಕ ಬರೆದುಕೊಂಡಳು. ಅವಳ ಪುಸ್ತಕದಲ್ಲಿ ಇರುವುದು ಇದು. ನೀವೂ ಓದಿ.

1. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಗಾಡಿಯನ್ನು ಅಲುಗಿಸಿ. ಸದ್ದು ಕೇಳಿ.

2. ಕಾಕ್ ತೆರೆದಿದೆಯೇ? ನೋಡಿ.

3. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯ ತೂತು ಇದೆ. ಅದು ಕಟ್ಟಿದೆಯೇ? ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ. ಇನ್ನೊಂದು ತೂತು ಮಾಡಿದರೆ ಸರಾಗವಾಗಿ ಸುರಿಯುತ್ತದೆ. ಗಾಳಿ ಒಳಗೆ ಹೋದರೇ ಎಣ್ಣೆ ಹೊರಗೆ ಬರುತ್ತದೆ. ಟ್ಯಾಂಕಿಗೂ ಹಾಗೆಯೇ.

4. ಪೈಪಿನಲ್ಲಿ ಪೆಟ್ರೋಲ್ ಬರುತ್ತಿದೆಯೇ? ಎಂಜಿನ್ ಆರಲಿ. ಕಾಕ್ ಮುಚ್ಚಿ. ಪೈಪನ್ನು ಕಾರ್ಬುರೇಟರಿನಿಂದ ಬಿಡಿಸಿ. ಸಣ್ಣ ಬಾಟಲಿ ಹಿಡಿದು ಕಾಕ್ ತೆರೆಯಿರಿ. ಪೆಟ್ರೋಲ್ ಧಾರೆಯಾಗಿ ಬರಬೇಕು. ತೊಟ್ಟು ತೊಟ್ಟಾಗಿ ಬಂದರೆ ದಾರಿಯಲ್ಲಿ ಕಸ ಕಟ್ಟಿದೆ.

5. ಬಟ್ಟಲಿನಲ್ಲಿ ನೀರು ಸೇರಿದೆಯೇ? ಬಟ್ಟಲಿನ ಕೆಳಗೆ ಒಂದು ತಿರುಪು ಇರುತ್ತದೆ. ಅದನ್ನು ಸಡಿಲಿಸಿ. ಬಂದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ನೀರು ಪೆಟ್ರೋಲಿಗಿಂತ ಭಾರ. ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

6. ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಬರುತ್ತಿಲ್ಲ. ಒದ್ದೆ ಪ್ಲಗ್ಗನ್ನು ಒರೆಸಿ, ಒಣಗಿಸಿ, ಮತ್ತೆ ಹಾಕಿ. ಚೋಕ್ ಹಾಕಬೇಡಿ.

ಕಾಕಿನ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಸೊಪ್ಪಿನಕ್ಕ ಮಗಳನ್ನು ಕೇಳಿ ಅರ್ಥ ತಿಳಿದುಕೊಂಡಳು. ಪಕ್ಕದಲ್ಲಿ ಕನ್ನಡದಲ್ಲಿ ಚೀಟಿ ಅಂಟಿಸಿದಳು. ‘ತೆರೆ.’ ‘ಮುಚ್ಚು.’ ‘ಕೊನೆಯ ಪೆಟ್ರೋಲ್.’

ಈಗ ಮತ್ತೆ ಕತ್ತಲ ರಸ್ತೆಗೆ ಬರೋಣ.

ಸೊಪ್ಪಿನಕ್ಕ ಬ್ಯಾಟರಿ ಬೆಳಕಿನಲ್ಲಿ ಪುಸ್ತಕ ಬಿಚ್ಚಿದಳು. ಬೆರಳಿಟ್ಟು ಓದಿದಳು.

ಒಂದು. ಗಾಡಿ ಅಲುಗಿಸಿದಳು. ಗುಳುಗುಳು ಎಂದಿತು. ಪೆಟ್ರೋಲ್ ಇದೆ.

ಎರಡು. ಕಾಕ್ ನೋಡಿದಳು. ತೆರೆದಿದೆ.

ಮೂರು. ಮುಚ್ಚಳ ಮುಟ್ಟಿದಳು. ಅಯ್ಯೋ! ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಇತ್ತು. ಸುತ್ತ ರಬ್ಬರ್ ಬ್ಯಾಂಡ್ ಬಿಗಿದಿತ್ತು.

ಕಟ್ಟಿದವರು ಯಾರು? ಆಕೆಯೇ! ರಾತ್ರಿ ಮಳೆ ಬಂದಿತ್ತು. ಹೋದ ತಿಂಗಳಿನ ಹಾಗೆ ನೀರು ಸೇರದಿರಲಿ ಎಂದು ಬಿಗಿಯಾಗಿ ಕಟ್ಟಿದ್ದಳು. ಬೆಳಿಗ್ಗೆ ಬಿಚ್ಚಲು ಮರೆತಿದ್ದಳು. ಟ್ಯಾಂಕಿನ ಒಳಗೆ ಗಾಳಿ ಹೋಗಲಿಲ್ಲ. ಪೆಟ್ರೋಲ್ ಕೆಳಗೆ ಇಳಿಯಲಿಲ್ಲ. ಬಟ್ಟಲಲ್ಲಿ ಇದ್ದದ್ದು ಮುಗಿಯಿತು. ಗಾಡಿ ನಿಂತಿತು.

ಕವರ್ ಕಿತ್ತಳು. ಮುಚ್ಚಳ ತೆಗೆದಳು. ಉಸ್ ಎಂದು ಗಾಳಿ ಒಳಗೆ ಹೋಯಿತು. ಮತ್ತೆ ಮುಚ್ಚಿದಳು. ಬಟ್ಟಲು ತುಂಬಲಿ ಎಂದು ಸ್ವಲ್ಪ ಕಾದಳು. ಕಿಕ್ ಹೊಡೆದಳು. ಮೂರನೆಯ ಕಿಕ್ಕಿಗೆ ಗಾಡಿ ಹೊರಟಿತು!

ಒಂದು ತಿರುಪನ್ನೂ ಬಿಚ್ಚಲಿಲ್ಲ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಬಿಸಿಲು ಬರುವ ಹೊತ್ತಿಗೆ ಒಂದು ಮೂಟೆ ಮಾರಿ ಆಗಿತ್ತು.

ಗಾಡಿಯ ಮಾತು ತಿಳಿಯಿರಿ

ಚೋಕ್ ಹಾಕಿದರೆ ಮಾತ್ರ ಓಡುತ್ತದೆ. ತೆಗೆದರೆ ನಿಲ್ಲುತ್ತದೆ. ಹಾಗಾದರೆ ಪೆಟ್ರೋಲ್ ಸಾಲುತ್ತಿಲ್ಲ. ಜೆಟ್ಟಿನಲ್ಲಿ ಕಸ ಇರಬಹುದು.

ಕಪ್ಪು ಹೊಗೆ ಬರುತ್ತದೆ. ಪೆಟ್ರೋಲ್ ಬೇಗ ಮುಗಿಯುತ್ತದೆ. ಹಾಗಾದರೆ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರಿನಲ್ಲಿ ದೂಳು ತುಂಬಿರಬಹುದು. ಚೋಕ್ ತೆಗೆಯಲು ಮರೆತಿರಬಹುದು.

ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಹಾಗಾದರೆ ಮುಳ್ಳು ಸರಿಯಾಗಿ ಮುಚ್ಚುತ್ತಿಲ್ಲ. ಕೂಡಲೇ ಕಾಕ್ ಮುಚ್ಚಿ. ಗಾಡಿ ಓಡಿಸಬೇಡಿ. ಮೆಕ್ಯಾನಿಕ್ಕನ್ನು ಕರೆಯಿರಿ.

ನೆನಪಿಡಿ

ಸ್ಟೌವಿಗೆ ಪಿನ್ ಹಾಕುತ್ತೇವೆ. ಜೆಟ್ಟಿಗೆ ಪಿನ್ ಹಾಕಬಾರದು. ತಂತಿಯನ್ನೂ ಹಾಕಬಾರದು. ಜೆಟ್ ಹಿತ್ತಾಳೆಯದು. ತೂತು ಸ್ವಲ್ಪ ದೊಡ್ಡದಾದರೂ ಹದ ಕೆಡುತ್ತದೆ. ಅದನ್ನು ಬಿಚ್ಚಿ, ಪಂಪಿನ ಗಾಳಿಯಿಂದ ಊದಬೇಕು.

ಪೆಟ್ರೋಲಿನ ಹತ್ತಿರ ಬೀಡಿ, ಬೆಂಕಿಕಡ್ಡಿ, ಸೀಮೆಎಣ್ಣೆ ದೀಪ ಬೇಡ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ಬಿಸಿ ಎಂಜಿನ್ ಮುಟ್ಟಬೇಡಿ. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಹೀರಬೇಡಿ. ಅದು ಎದೆಗೆ ಹೋದರೆ ಜೀವಕ್ಕೇ ಅಪಾಯ. ಪೆಟ್ರೋಲ್ ಹಿಡಿದ ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ದೂರ ಇಡಿ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ನಮ್ಮ ದೇಶದಲ್ಲಿ 2023ರಿಂದ ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಪೆಟ್ರೋಲನ್ನು ಹಾಗೇ ಬಿಡಬೇಡಿ. ಹಳೆಯ ರಬ್ಬರ್ ಪೈಪು ಬಿರಿದಿದೆಯೇ ಎಂದು ಆಗಾಗ ನೋಡಿ. ಮಳೆಯಲ್ಲಿ ಗಾಡಿಯನ್ನು ಸೂರಿನ ಕೆಳಗೆ ನಿಲ್ಲಿಸಿ. ಮುಚ್ಚಳವನ್ನು ಬಿಗಿದು ಕಟ್ಟಬೇಡಿ.

2020ರ ಏಪ್ರಿಲ್‌ನಿಂದ ಹೊಗೆಯ ಬಗ್ಗೆ ಬಿಎಸ್-6 ಎಂಬ ಹೊಸ ನಿಯಮ ಬಂತು. ಆಮೇಲೆ ಬಂದ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಇಲ್ಲ. ನಿಮ್ಮ ಗಾಡಿ ಯಾವುದು? ಮೊದಲು ಕೇಳಿ ತಿಳಿಯಿರಿ.

ಅಂದು ಸಂಜೆ ಸೊಪ್ಪಿನಕ್ಕ ಪುಸ್ತಕದಲ್ಲಿ ತಾರೀಕು ಹಾಕಿದಳು. ಕೆಳಗೆ ಬರೆದಳು: “ಗಾಡಿ ನಿಂತಿತು. ಗಾಳಿಯ ತೂತು ಮುಚ್ಚಿತ್ತು. ತಪ್ಪು ನನ್ನದೇ. ನಾನೇ ಸರಿ ಮಾಡಿದೆ.”

ಓದಿ, ಉತ್ತರ ಬರೆಯಿರಿ

1. ಕಾರ್ಬುರೇಟರ್ ಯಾವ ಎರಡನ್ನು ಬೆರೆಸುತ್ತದೆ?
2. ಗಾಡಿ ಮೂರು ಕಿಲೋಮೀಟರ್ ಓಡಿ ಆಮೇಲೆ ನಿಂತಿತು. ಮೊದಲೇ ಏಕೆ ನಿಲ್ಲಲಿಲ್ಲ?
3. ಜೆಟ್ಟಿಗೆ ಪಿನ್ ಏಕೆ ಹಾಕಬಾರದು?
4. ನಿಮ್ಮ ಮನೆಯಲ್ಲಿ ಯಾವ ಯಂತ್ರ ಇದೆ? ಅದು ಕೆಟ್ಟಾಗ ಮೊದಲು ಏನು ನೋಡುತ್ತೀರಿ? ಮೂರು ವಾಕ್ಯ ಬರೆಯಿರಿ.