ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿಸಬೇಕೆ?



ಹಿಂದೆ ದೂರದ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೊರಡುವವರು ಎತ್ತುಗಳ ಮೇವನ್ನೂ ಅದೇ ಗಾಡಿಯಲ್ಲಿ ಹೇರಿಕೊಳ್ಳುತ್ತಿದ್ದರು. ಎರಡು ದಿನದ ದಾರಿಗೆ ಎರಡು ಹೊರೆ, ನಾಲ್ಕು ದಿನದ ದಾರಿಗೆ ನಾಲ್ಕು ಹೊರೆ. ಆದರೆ ಮೇವು ಹೇರಿದಷ್ಟೂ ಗಾಡಿ ಭಾರವಾಗುತ್ತದೆ, ಭಾರವಾದಷ್ಟೂ ಎತ್ತುಗಳು ಬೇಗ ದಣಿಯುತ್ತವೆ, ದಣಿದ ಎತ್ತು ಹೆಚ್ಚು ಮೇವು ಬೇಡುತ್ತದೆ. ಒಂದು ಮಿತಿ ದಾಟಿದ ಮೇಲೆ ಎತ್ತುಗಳು ತಮ್ಮ ಮೇವನ್ನು ಎಳೆಯುವುದಕ್ಕೇ ದುಡಿದ ಹಾಗಾಗಿ, ಮನೆಮಂದಿ ನಡೆದುಕೊಂಡು ಹೋಗಬೇಕಾಗುತ್ತಿತ್ತು. ಡ್ರೋನಿನ ಬ್ಯಾಟರಿಯ ಲೆಕ್ಕವೂ ಇದೇ. ಒಂದು ವ್ಯತ್ಯಾಸ ಮಾತ್ರ ಉಂಟು. ಎತ್ತು ತಿಂದ ಹಾಗೆಲ್ಲ ಮೇವಿನ ಭಾರ ಇಳಿಯುತ್ತದೆ. ಟ್ರ್ಯಾಕ್ಟರಿನ ಡೀಸೆಲ್ಲೂ ಉರಿದ ಹಾಗೆಲ್ಲ ಕಡಿಮೆಯಾಗುತ್ತದೆ. ಬ್ಯಾಟರಿಯಾದರೋ ಬರಿದಾದ ಮೇಲೂ ತುಂಬಿದಾಗ ಎಷ್ಟು ತೂಗುತ್ತಿತ್ತೋ ಅಷ್ಟೇ ತೂಗುತ್ತದೆ.

ಈ ಪಾಠ ಬರೆಯಲು ಕಾರಣವಾದದ್ದು ನಮ್ಮ ಬ್ಲಾಕಿನ ಒಂದು ಊರಿನ ಸಂಘದ ಅಕ್ಕನೊಬ್ಬರು ಕೇಳಿದ ಪ್ರಶ್ನೆ. ೨೦೨೩ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟು, ೧೫,೦೦೦ ಮಹಿಳಾ ಸ್ವಸಹಾಯ ಸಂಘಗಳಿಗೆ ಬೆಲೆಯ ನೂರಕ್ಕೆ ೮೦ರಂತೆ, ೮ ಲಕ್ಷ ರೂಪಾಯಿಯ ಮಿತಿಯೊಳಗೆ, ಸಹಾಯಧನ ನೀಡುವುದಾಗಿ ಗೊತ್ತುಮಾಡಿದ್ದನ್ನು ತಾವು ಬಲ್ಲಿರಿ. ಈ ಅಕ್ಕನವರು ತರಬೇತಿ ಮುಗಿಸಿ, ಪ್ರಮಾಣಪತ್ರ ಪಡೆದು, ಮೆಕ್ಕೆಜೋಳದ ಹೊಲಗಳಿಗೆ ಔಷಧ ಹೊಡೆದುಕೊಡುತ್ತಿದ್ದಾರೆ. ಅವರು ಕೇಳಿದ್ದಿಷ್ಟು: “ಸಾರ್, ಪೇಟೆಯಲ್ಲಿ ಒಬ್ಬರು ಇನ್ನೂ ದೊಡ್ಡ ಬ್ಯಾಟರಿ ಹಾಕಿಕೊಡ್ತೀನಿ, ಒಂದು ಸಲ ಎಬ್ಬಿಸಿದರೆ ಒಂದೂವರೆ ಎಕರೆ ಆಗುತ್ತೆ ಅಂತಾರೆ. ಸಂಘದ ದುಡ್ಡು ಸ್ವಲ್ಪ ಇದೆ. ಹಾಕಿಸೋಣವೇ?”

ನಾನು ಕೂಡಲೇ ಉತ್ತರ ಕೊಡಲಿಲ್ಲ. ಕಾರಣ, ಹಿಂದೊಮ್ಮೆ ಇಂಥದೇ ಪ್ರಶ್ನೆಗೆ ಅವಸರದಲ್ಲಿ ತಪ್ಪು ಹೇಳಿದ್ದೆ. ಕಂಪನಿಯ ಹಾಳೆಯಲ್ಲಿದ್ದ ಬರಿ ಯಂತ್ರದ ತೂಕವನ್ನು ನೋಡಿ “ಏನೂ ತೊಂದರೆಯಿಲ್ಲ, ೨೫ ಕಿಲೋಗಿಂತ ಎಷ್ಟೋ ಕೆಳಗಿದೆ” ಎಂದುಬಿಟ್ಟಿದ್ದೆ. ಅದು ಬ್ಯಾಟರಿಯೂ ಔಷಧವೂ ಇಲ್ಲದ ತೂಕವೆಂದು ಮನೆಗೆ ಬಂದ ಮೇಲೆ ತಿಳಿಯಿತು. ಮರುದಿನ ಹೋಗಿ ತಿದ್ದಿ ಹೇಳಿಬಂದೆ. ಆದ್ದರಿಂದ ಈ ಸಲ, “ಅಕ್ಕಾ, ಮೊದಲು ತಕ್ಕಡಿಗೆ ಹಾಕೋಣ, ಆಮೇಲೆ ಮಾತಾಡೋಣ” ಎಂದೆ.

ತೂಕ ನೋಡುವ ಮುಂಚೆ ತೂಕವು ಏನು ಮಾಡುತ್ತದೆಂಬುದನ್ನು ತಿಳಿಯಬೇಕು. ಡ್ರೋನಿಗೆ ವಿಮಾನದಂತೆ ಚಾಚಿದ ರೆಕ್ಕೆಗಳಿಲ್ಲ. ಅದರ ಫ್ಯಾನುಗಳು ಗಾಳಿಯನ್ನು ಕೆಳಕ್ಕೆ ನೂಕುತ್ತಲೇ ಇರಬೇಕು. ಒಂದು ಗಳಿಗೆ ನೂಕುವುದನ್ನು ಬಿಟ್ಟರೂ ಬೀಳುತ್ತದೆ. ನಿಂತಲ್ಲೇ ನಿಂತಿರುವುದಕ್ಕೂ ಅದು ದುಡಿಯಬೇಕು. ಭಾರ ಹೆಚ್ಚಾದರೆ ಗಾಳಿಯನ್ನು ಹೆಚ್ಚು ವೇಗದಲ್ಲಿ ನೂಕಬೇಕಾಗುತ್ತದೆ. ಆದ್ದರಿಂದ ವಿದ್ಯುತ್ತಿನ ಖರ್ಚು ಭಾರಕ್ಕಿಂತ ಬೇಗ ಏರುತ್ತದೆ. ಅದೇ ಫ್ಯಾನುಗಳನ್ನು ಇಟ್ಟುಕೊಂಡು ತೂಕವನ್ನು ೪ ಪಟ್ಟು ಮಾಡಿದರೆ ಖರ್ಚು ೪ ಪಟ್ಟಲ್ಲ, ೮ ಪಟ್ಟಾಗುತ್ತದೆ.

ಇದು ಪುಸ್ತಕದ ಮಾತಲ್ಲ. ಡಿ.ಜೆ.ಐ. ಎಂಬ ಚೀನಾ ದೇಶದ ಕಂಪನಿಯು ಎಂ.ಜಿ.-೧ ಎಸ್ ಎಂಬ ೧೦ ಲೀಟರಿನ ಔಷಧದ ಡ್ರೋನಿಗೆ ತಾನೇ ಪ್ರಕಟಿಸಿದ ಅಂಕಿಗಳನ್ನು ನೋಡಿರಿ. ಟ್ಯಾಂಕು ಖಾಲಿ ಇದ್ದಾಗ ಒಟ್ಟು ತೂಕ ೧೩.೭ ಕಿಲೋ; ಆಗ ಅದು ೨೨ ನಿಮಿಷ ಗಾಳಿಯಲ್ಲಿ ನಿಲ್ಲುತ್ತದೆ. ಟ್ಯಾಂಕು ತುಂಬಿದರೆ ೨೩.೭ ಕಿಲೋ, ಅದೇ ಬ್ಯಾಟರಿಯಲ್ಲಿ ೧೦ ನಿಮಿಷ. ತೂಕ ಇಮ್ಮಡಿಯೂ ಆಗಲಿಲ್ಲ, ಸಮಯ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು. ತುಂಬಿದ ಯಂತ್ರ ನಿಂತಲ್ಲೇ ನಿಲ್ಲಲು ೩,೮೦೦ ವಾಟ್ ಬೇಕು. ನಮ್ಮ ಬೋರ್‌ವೆಲ್ಲಿನ ೫ ಎಚ್.ಪಿ. ಮೋಟಾರಿನ ಶಕ್ತಿಯೂ ಹತ್ತಿರ ಹತ್ತಿರ ಅಷ್ಟೇ. ೫ ಎಚ್.ಪಿ. ಮೋಟಾರನ್ನು ಕೈಯಲ್ಲಿ ಹಿಡಿಯುವ ಬ್ಯಾಟರಿಯಿಂದ ಓಡಿಸಿದರೆ ಎಷ್ಟು ಹೊತ್ತು ಓಡೀತು? ಡ್ರೋನು ಹತ್ತು ನಿಮಿಷಕ್ಕೆ ಕೆಳಗಿಳಿಯುವುದು ಅದರ ಸೋಮಾರಿತನವಲ್ಲ!

ಹಾಗಾದರೆ ಬ್ಯಾಟರಿಯನ್ನು ದೊಡ್ಡದು ಮಾಡಿದರೆ? ಸಮಯ ಹೆಚ್ಚುತ್ತದೆ, ಸುಳ್ಳಲ್ಲ. ಆದರೆ ಬ್ಯಾಟರಿ ಹೆಚ್ಚಿದಷ್ಟು ಹೆಚ್ಚುವುದಿಲ್ಲ. ಮದುವೆಯಲ್ಲಿ ಫೋಟೋ ತೆಗೆಯುವ ಅಂಗೈಯಗಲದ ಡ್ರೋನುಗಳಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಅದೇ ಕಂಪನಿ ೨೦೨೨ರಲ್ಲಿ ಹೊರತಂದ ಮಿನಿ ೩ ಪ್ರೊ ಎಂಬುದಕ್ಕೆ ಎರಡು ಬ್ಯಾಟರಿಗಳಿವೆ. ಸಾದಾ ಬ್ಯಾಟರಿ ಸುಮಾರು ೮೦ ಗ್ರಾಂ, ಅದರಲ್ಲಿ ೧೮.೧ ವಾಟ್-ಗಂಟೆ ವಿದ್ಯುತ್ತು. ಹಾರಾಟ ೩೪ ನಿಮಿಷ. ದೊಡ್ಡ ಬ್ಯಾಟರಿ ಸುಮಾರು ೧೨೧ ಗ್ರಾಂ, ೨೮.೪ ವಾಟ್-ಗಂಟೆ, ಹಾರಾಟ ೪೭ ನಿಮಿಷ. (ಸಾವಿರ ವಾಟ್-ಗಂಟೆ ಸೇರಿದರೆ ನಮ್ಮ ಮನೆಯ ಮೀಟರಿನ ಒಂದು ಯೂನಿಟ್.) ವಿದ್ಯುತ್ತು ನೂರಕ್ಕೆ ೫೭ರಷ್ಟು ಹೆಚ್ಚಿತು, ಸಮಯ ಹೆಚ್ಚಿದ್ದು ನೂರಕ್ಕೆ ೩೮ ಮಾತ್ರ. ಉಳಿದದ್ದು ಎತ್ತು ತಿಂದ ಮೇವು.

ಇಲ್ಲಿಯೇ ಇನ್ನೊಂದು ಸಂಗತಿ ಅಡಗಿದೆ. ಸಾದಾ ಬ್ಯಾಟರಿಯೊಡನೆ ಆ ಡ್ರೋನಿನ ತೂಕ ೨೪೯ ಗ್ರಾಂ. ದೊಡ್ಡದನ್ನು ಹಾಕಿದರೆ ಸುಮಾರು ೨೯೦ ಗ್ರಾಂ. ೪೦ ಗ್ರಾಮೆಂದರೆ ಒಂದು ಹಿಡಿ ಕಡಲೆಕಾಯಿ. ಆದರೆ ಆ ಒಂದು ಹಿಡಿಯಿಂದ ಕಾನೂನಿನ ದೃಷ್ಟಿಯಲ್ಲಿ ಡ್ರೋನಿನ ಜಾತಿಯೇ ಬದಲಾಗುತ್ತದೆ.

೨೦೨೧ರ ಆಗಸ್ಟಿನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು ಡ್ರೋನುಗಳನ್ನು ತೂಕದಿಂದಲೇ ವಿಂಗಡಿಸುತ್ತವೆ. ೨೫೦ ಗ್ರಾಂವರೆಗೆ ನ್ಯಾನೋ. ಅದರಿಂದ ೨ ಕಿಲೋವರೆಗೆ ಮೈಕ್ರೋ. ೨ರಿಂದ ೨೫ ಕಿಲೋವರೆಗೆ ಸಣ್ಣ ವರ್ಗ. ೨೫ರಿಂದ ೧೫೦ರವರೆಗೆ ಮಧ್ಯಮ. ಅದರ ಮೇಲಿನದು ದೊಡ್ಡದು. ನೆನಪಿಡತಕ್ಕ ಮಾತೆಂದರೆ, ಇಲ್ಲಿ ತೂಕವೆಂದರೆ ಬ್ಯಾಟರಿ, ಟ್ಯಾಂಕು, ಟ್ಯಾಂಕಿನೊಳಗಿನ ಔಷಧ, ಕ್ಯಾಮೆರಾ ಎಲ್ಲ ಸೇರಿ ನೆಲ ಬಿಡುವಾಗಿನ ಗರಿಷ್ಠ ತೂಕ. ಗಾಡಿಯ ತೂಕವಲ್ಲ, ಹೇರಿದ ಗಾಡಿಯ ತೂಕ.

ನ್ಯಾನೋ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ, ಯಂತ್ರದ ಮಾದರಿ ಪ್ರಮಾಣಪತ್ರ ಬೇಡ, ಮೂರನೆಯವರ ವಿಮೆಯೂ ಕಡ್ಡಾಯವಲ್ಲ. ಮೈಕ್ರೋ ಆದೊಡನೆ ವಿಮೆ ಮೊದಲಾದವೆಲ್ಲ ಬರುತ್ತವೆ. ಬಾಡಿಗೆಗೆ ಹಾರಿಸದೆ ಸ್ವಂತಕ್ಕೆ ಹಾರಿಸಿದರೆ ಮಾತ್ರ ಮೈಕ್ರೋಗೆ ಪೈಲಟ್ ಪ್ರಮಾಣಪತ್ರದಿಂದ ವಿನಾಯಿತಿಯುಂಟು. ನಿಯಮ ಮೀರಿದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ತೋಟದ ತೆಂಗಿನ ಗೊನೆ ನೋಡಲೆಂದು ನ್ಯಾನೋ ಡ್ರೋನು ಇಟ್ಟುಕೊಂಡಿರುವ ನಮ್ಮ ಯುವಕರು ಅದಕ್ಕೆ ದೊಡ್ಡ ಬ್ಯಾಟರಿ ತೊಡಿಸುವ ಮುನ್ನ ಇಷ್ಟನ್ನು ಎಣಿಸಿ ನೋಡಲಿ. ದುಬೈಯಿಂದ ಬರುವ ನೆಂಟರ ಕೈಲಿ ಡ್ರೋನು ತರಿಸುವ ಯೋಚನೆಯಿದ್ದರೆ ಅದನ್ನೂ ಬಿಡುವುದು ಮೇಲು. ೨೦೨೨ರ ಫೆಬ್ರವರಿಯಿಂದ, ಸಂಶೋಧನೆ, ರಕ್ಷಣೆಯಂಥ ಕೆಲವು ಕೆಲಸಗಳಿಗೆ ಹೊರತು, ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಲಾಗಿದೆ.

ಇನ್ನು ಅಕ್ಕನವರ ಯಂತ್ರ. ಸೊಸೈಟಿಯ ತಕ್ಕಡಿಯಲ್ಲಿ ತೂಗಿದೆವು. ಖಾಲಿ ಟ್ಯಾಂಕಿನೊಡನೆ ಯಂತ್ರ ೧೦ ಕಿಲೋ ೬೦೦ ಗ್ರಾಂ. ೧೬,೦೦೦ ಎಂ.ಎ.ಎಚ್. ಎಂದು ಬರೆದಿದ್ದ ಎರಡು ಬ್ಯಾಟರಿ ಸೇರಿ ೪ ಕಿಲೋ ೧೦೦ ಗ್ರಾಂ. ೧೦ ಲೀಟರ್ ಔಷಧದ ನೀರಿಗೆ ೧೦ ಕಿಲೋ. ಒಟ್ಟು ೨೪ ಕಿಲೋ ೭೦೦ ಗ್ರಾಂ. ೨೫ಕ್ಕೆ ಉಳಿದದ್ದು ೩೦೦ ಗ್ರಾಂ, ಒಂದು ಸಣ್ಣ ತಂಬಿಗೆ ನೀರು! ತಯಾರಿಸಿದವರು ಹಾಗೆ ಅಂಚಿಗೆ ನಿಲ್ಲಿಸಿರುವುದು ಆಕಸ್ಮಿಕವಲ್ಲ. ಸಣ್ಣ ವರ್ಗದಲ್ಲಿ ಎಷ್ಟು ಔಷಧ ಹೊರಿಸಬಹುದೋ ಅಷ್ಟನ್ನು ಲೆಕ್ಕಹಾಕಿಯೇ ಮಾಡಿದ್ದಾರೆ.

ಪೇಟೆಯವರು ಹೇಳಿದ ೨೨,೦೦೦ದ ಜೊತೆ ೫ ಕಿಲೋ ೬೦೦ ಗ್ರಾಂ ತೂಗುತ್ತದೆ. ಅದನ್ನು ಹಾಕಿದರೆ ಒಟ್ಟು ೨೬ ಕಿಲೋ ೨೦೦ ಗ್ರಾಂ. ಯಂತ್ರ ಸಣ್ಣ ವರ್ಗ ಬಿಟ್ಟು ಮಧ್ಯಮಕ್ಕೆ ಹೋಯಿತು. ಅಕ್ಕನವರ ಪೈಲಟ್ ಪ್ರಮಾಣಪತ್ರ ಸಣ್ಣ ವರ್ಗದ್ದು. ಯಂತ್ರಕ್ಕೆ ಕೊಟ್ಟ ಪ್ರಮಾಣಪತ್ರವೂ ಆ ಬ್ಯಾಟರಿ, ಆ ತೂಕದೊಡನೆ ಪರೀಕ್ಷೆಯಾದ ಮಾದರಿಗೆ. ಹೀಗಿರಲು ಹಾರಿಸುವವರ ಕಾಗದವೂ ಯಂತ್ರದ ಕಾಗದವೂ ಒಂದೇ ದಿನ ಕೆಲಸಕ್ಕೆ ಬಾರದವಾಗುತ್ತವೆ. ಏನಾದರೂ ಅನಾಹುತವಾಗಿ ಪಕ್ಕದ ಹೊಲದವರಿಗೆ ಪೆಟ್ಟಾದರೆ, ವಿಮೆಯವರು ಮೊದಲು ಕೇಳುವುದು ಆ ಕಾಗದಗಳನ್ನೇ.

“ಔಷಧ ಕಡಿಮೆ ತುಂಬಿದರಾಯ್ತಲ್ಲಪ್ಪಾ?” ಎಂದು ಅಲ್ಲಿಯೇ ಕುಳಿತಿದ್ದ ಯಜಮಾನರೊಬ್ಬರು ಕೇಳಿದರು. ಬುದ್ಧಿವಂತರ ಮಾತೇ. ಆದರೆ ೨೫ರೊಳಗೆ ಇರಬೇಕಾದರೆ ಒಂದು ಲೀಟರಿಗೂ ಹೆಚ್ಚು ಔಷಧವನ್ನು ಇಳಿಸಬೇಕು. ಆಗ ಒಂದು ಎಕರೆಯೂ ಪೂರ್ತಿಯಾಗದು. ಮೇವಿಗಾಗಿ ಕಾಳಿನ ಚೀಲವನ್ನು ಗಾಡಿಯಿಂದ ಇಳಿಸಿದ ಹಾಗಾಯಿತು. ಬ್ಯಾಟರಿ ಬದಲಾದ ಯಂತ್ರ ಪರೀಕ್ಷೆಯಾದ ಯಂತ್ರವಲ್ಲವೆಂಬ ತೊಡಕೂ ಅದರಿಂದ ಬಿಡುವುದಿಲ್ಲ.

ಕಾನೂನನ್ನು ಬದಿಗಿಟ್ಟು ಲಾಭವನ್ನೇ ನೋಡೋಣ. ಬ್ಯಾಟರಿಯ ಶಕ್ತಿ ನೂರಕ್ಕೆ ೩೭ರಷ್ಟು ಹೆಚ್ಚಾದರೂ, ಮೇಲೆ ಹೇಳಿದ ತೂಕದ ಲೆಕ್ಕದಂತೆ ಸಮಯ ಹೆಚ್ಚುವುದು ನೂರಕ್ಕೆ ೨೫ರ ಆಸುಪಾಸು. ಪೂರ್ತಿ ಭಾರದಲ್ಲಿ ೮ ನಿಮಿಷ ನಿಲ್ಲುವ ಯಂತ್ರ ೧೦ ನಿಮಿಷ ನಿಂತೀತು. ಆ ಎರಡು ನಿಮಿಷದಲ್ಲಿ ಸಿಂಪಡಿಸುವುದು ಏನನ್ನು? ಟ್ಯಾಂಕಿನಲ್ಲಿರುವುದು ೧೦ ಲೀಟರ್. ಎಕರೆಗೆ ೧೦ ಲೀಟರಿನಂತೆ ಹೊಡೆದರೆ ಒಂದು ಎಕರೆಗೆ ಟ್ಯಾಂಕು ಬರಿದು. ಔಷಧ ತುಂಬಲು ಹೇಗೂ ಕೆಳಗಿಳಿಸಲೇಬೇಕು. ಇಳಿದಾಗ ಬ್ಯಾಟರಿ ಬದಲಿಸಲು ಒಂದು ನಿಮಿಷ ಸಾಕು. ಒಂದೂವರೆ ಎಕರೆಯ ಮಾತು ಬ್ಯಾಟರಿಯನ್ನು ನೋಡಿ ಆಡಿದ್ದು, ಟ್ಯಾಂಕನ್ನು ನೋಡಿ ಆಡಿದ್ದಲ್ಲ. ಅಕ್ಕನವರು ಇದನ್ನು ಕೇಳಿ ನಕ್ಕು, “ಕೊಡ ಅಷ್ಟೇ ಇರುವಾಗ ಹಗ್ಗ ಉದ್ದ ಮಾಡಿದ ಹಾಗೆ” ಎಂದರು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಾರದು.

ಹಾಗಾದರೆ ಸಂಘದ ಹಣವನ್ನು ಎಲ್ಲಿ ಹಾಕಬೇಕು? ಅದೇ ಅಳತೆಯ, ಯಂತ್ರದ ಕಂಪನಿ ಒಪ್ಪಿದ ಬ್ಯಾಟರಿಯ ಜೊತೆಗಳನ್ನು ಹೆಚ್ಚಿಸಬೇಕು. ಅದಕ್ಕೂ ಮುಂಚೆ ಚಾರ್ಜರನ್ನು ನೋಡಬೇಕು. ಒಂದು ಜೊತೆ ಚಾರ್ಜ್ ಆಗಲು ೪೫ ನಿಮಿಷ ಬೇಕೆಂದು ಇಟ್ಟುಕೊಳ್ಳಿ. ಚಾರ್ಜರು ಒಮ್ಮೆಗೆ ಒಂದೇ ಜೊತೆಯನ್ನು ತುಂಬುವಂಥದಾದರೆ, ಬೆಳಗ್ಗೆ ತುಂಬಿ ತಂದ ಜೊತೆಗಳು ಮುಗಿದ ಮೇಲೆ ೪೫ ನಿಮಿಷಕ್ಕೆ ಒಂದು ಎಕರೆಯೇ ಸರಿ, ಬ್ಯಾಟರಿ ಹತ್ತು ಇರಲಿ, ಇಪ್ಪತ್ತು ಇರಲಿ. ಹಾರಾಟಕ್ಕೂ ಟ್ಯಾಂಕು ತುಂಬುವುದಕ್ಕೂ ಸೇರಿ ೧೫ ನಿಮಿಷವಾದರೆ, ಕೆಲಸ ನಿಲ್ಲದಿರಲು ಏಕಕಾಲಕ್ಕೆ ಮೂರು ಜೊತೆ ಚಾರ್ಜಿನಲ್ಲಿರಬೇಕು, ಒಂದು ಜೊತೆ ಮೇಲೆ ಹಾರುತ್ತಿರಬೇಕು, ಒಂದು ಜೊತೆ ನೆರಳಿನಲ್ಲಿ ತಣಿಯುತ್ತಿರಬೇಕು. ಐದು ಜೊತೆಯಾಯಿತು. ಹೊಲದ ಬದಿಯಲ್ಲಿ ಮೂರು ಜೊತೆಗೆ ಒಟ್ಟಿಗೆ ಕರೆಂಟು ಕೊಡಲು ೩ರಿಂದ ೪ ಕಿಲೋವಾಟಿನ ಜನರೇಟರ್ ಬೇಕಾಗುತ್ತದೆ. ಇಷ್ಟು ಒಂದೇ ಸಲಕ್ಕೆ ಆಗದಿದ್ದರೆ ಮೊದಲು ಎರಡನೆಯ ಚಾರ್ಜರು, ಆಮೇಲೆ ಬ್ಯಾಟರಿ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಬ್ಯಾಟರಿ ಕೊಳ್ಳುವಾಗ ಎಂ.ಎ.ಎಚ್. ಎಂಬ ದೊಡ್ಡ ಅಂಕಿಯೊಂದನ್ನೇ ನೋಡಬೇಡಿ. ವೋಲ್ಟನ್ನೂ ಓದಿರಿ. ೧೬,೦೦೦ ಎಂ.ಎ.ಎಚ್. ಎಂದರೆ ೧೬ ಆಂಪಿಯರ್-ಗಂಟೆ, ಅದನ್ನು ೨೨.೨ ವೋಲ್ಟಿನಿಂದ ಗುಣಿಸಿದರೆ ೩೫೫ ವಾಟ್-ಗಂಟೆ. ಹೋಲಿಸತಕ್ಕದ್ದು ಈ ಅಂಕಿಯನ್ನು, ಜೊತೆಗೆ ತೂಕವನ್ನು. ತೂಕ ಬರೆಯದ ಬ್ಯಾಟರಿಯನ್ನು ತೂಗಿಸದೆ ಕೊಳ್ಳಬಾರದು.

ಇರುವ ಬ್ಯಾಟರಿಯನ್ನು ಕೆಡಿಸದಿರುವುದೂ ಹಾರಾಟದ ಸಮಯವನ್ನು ಉಳಿಸಿಕೊಳ್ಳುವ ದಾರಿಯೇ. ನೂರಕ್ಕೆ ೨೦-೩೦ ಭಾಗ ಉಳಿದಿರುವಾಗಲೇ ಯಂತ್ರವನ್ನು ಇಳಿಸಬೇಕು. ಇಳಿಸಿದ ಕೂಡಲೇ ಬಿಸಿಯಿರುವ ಬ್ಯಾಟರಿಯನ್ನು ಚಾರ್ಜಿಗೆ ಹಾಕಬಾರದು. ಹಂಗಾಮು ಮುಗಿದ ಮೇಲೆ ಪೂರ್ತಿ ತುಂಬಿಯೂ ಪೂರ್ತಿ ಬರಿದು ಮಾಡಿಯೂ ಇಡದೆ, ಒಂದೊಂದು ಸೆಲ್ಲಿಗೆ ೩.೮ ವೋಲ್ಟಿನ ಹತ್ತಿರ ಇಟ್ಟರೆ ಬಾಳಿಕೆ ಹೆಚ್ಚು. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಹಾರಿಸುವ ಆಸೆ ಬೇಡ. ಅದು ಹೊತ್ತಿಕೊಂಡರೆ ಆರಿಸುವುದು ಬಹು ಕಷ್ಟ. ಚಾರ್ಜು ಮಾಡುವ ಜಾಗ ಹುಲ್ಲಿನ ಬಣವೆಯಿಂದಲೂ ದನದ ಕೊಟ್ಟಿಗೆಯಿಂದಲೂ ದೂರವಿರಲಿ, ರಾತ್ರಿ ಹಚ್ಚಿಟ್ಟು ಮಲಗುವ ರೂಢಿ ಬೇಡ.

ಅಕ್ಕನವರ ಸಂಘ ದೊಡ್ಡ ಬ್ಯಾಟರಿಯನ್ನು ಕೈಬಿಟ್ಟು ಎರಡನೆಯ ಚಾರ್ಜರನ್ನೂ ಇನ್ನೊಂದು ಜೊತೆ ಬ್ಯಾಟರಿಯನ್ನೂ ಕೊಳ್ಳಲು ಗೊತ್ತುಮಾಡಿದೆ. ಬ್ಲಾಕಿನಲ್ಲಿ ಡ್ರೋನು ಇಟ್ಟುಕೊಂಡಿರುವ ಉಳಿದವರು ತಮ್ಮ ಯಂತ್ರ, ಬ್ಯಾಟರಿ, ಟ್ಯಾಂಕುಗಳನ್ನು ಪ್ರಮಾಣಪತ್ರದ ಪ್ರತಿಯೊಡನೆ ಮುಂದಿನ ಸಂತೆಯ ದಿನ ಬೆಳಗ್ಗೆ ಸೊಸೈಟಿಯ ಗೋದಾಮಿಗೆ ತಂದರೆ, ಅಲ್ಲಿಯ ತಕ್ಕಡಿಯಲ್ಲಿ ತೂಗಿ ಒಟ್ಟು ತೂಕವನ್ನು ಬರೆದುಕೊಡುತ್ತೇನೆ. ಟ್ಯಾಂಕನ್ನು ತೊಳೆದು ತರಬೇಕು. ತೂಕಕ್ಕೆ ಬರಿ ನೀರು ತುಂಬಿದರೆ ಸಾಕು.